ಗುಂಪಿಗೆ ಬೇಕಾಗಿದ್ದ ಐದನೆಯವಳು

ನನಗೆ ರಕ್ತದ ಹೆದರಿಕೆ ಎಂದೂ ಇರಲಿಲ್ಲ. ಸಿಂದಗಿಯಲ್ಲಿ ನರ್ಸಿಂಗ್ ಕಲಿಯಲು ಸೇರಿದ ಹೊಸದರಲ್ಲಿ, ಗಾಯದ ಪಟ್ಟಿ ಬಿಚ್ಚುವುದನ್ನು ನೋಡಿ ಜೊತೆಯ ಹುಡುಗಿಯರು ಗೋಡೆ ಹಿಡಿದು ಕೂತರೆ ನಾನು ಟ್ರೇ ಹಿಡಿದು ನಿಂತೇ ಇದ್ದೆ. ಹಾವು ಕಡಿದವರು, ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದವರು, ಸ್ಟೋವ್ ಸಿಡಿದವರು, ಯಾರನ್ನು ನೋಡಿದರೂ ಮಧ್ಯಾಹ್ನದ ರೊಟ್ಟಿ ಬಿಟ್ಟವಳಲ್ಲ. ನನ್ನ ಹೆದರಿಕೆ ಬೇರೆ. ನಮ್ಮ ಕಡೆ ಕೂಸಿಗೆ ಅವ್ವ, ಅಪ್ಪ ಎನ್ನಲು ಕಲಿಸಿದ ಮೇಲೆ ಕಲಿಸುವ ಮಾತು ‘ಹೌದ್ರಿ’. ಹಿರಿಯರು ಕೇಳಿದರೆ ಹೌದ್ರಿ, ಮಾಸ್ತರು ಕೇಳಿದರೆ ಹೌದ್ರಿ, ಅವರು ಕೇಳಿ ಮುಗಿಸುವ ಮೊದಲೇ ಹೌದ್ರಿ. ಹಾಗೆ ಅನ್ನದ ಹುಡುಗಿಗೆ ಸೊಕ್ಕು ಎಂದು ಹೆಸರು. ಆ ಮಾತನ್ನು ನಾನು ಒಮ್ಮೆ ಅನ್ನಬಾರದ ಕಡೆ ಅಂದೆ. ಅಂದಿನಿಂದ ಕಾನೂನಿನ ಕಣ್ಣಿಗೆ ನಾನು ಶಿಕ್ಷೆಯಾದ ಅಪರಾಧಿ.

ಕೊಲೆ, ದರೋಡೆ ಎಂದು ಯಾರೂ ಎದೆ ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ. ಜಗಳ ಆದದ್ದು ಬಚ್ಚಲ ನೀರಿಗೆ. ಇಂಡಿಯಿಂದ ಸಾಲೋಟಗಿ ಕಡೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ಊರು ನಮ್ಮದು. ಅಪ್ಪ ಮತ್ತು ಕಾಕಾ ಬೇರೆಯಾದಾಗ ಒಂದೇ ಮನೆಯ ನಡುವೆ ಗೋಡೆ ಎದ್ದಿತು. ಹೊಲ ಹಂಚಿದರು, ದನ ಹಂಚಿದರು, ಬಚ್ಚಲ ನೀರು ಎತ್ತ ಹೋಗಬೇಕು ಎಂಬುದನ್ನು ಮಾತ್ರ ಹಂಚಲಿಲ್ಲ. ನಮ್ಮ ನೀರು ಕಾಕಾನ ಅಂಗಳದ ಅಂಚಿನಿಂದ ಹರಿಯುತ್ತಿತ್ತು. ಒಂದು ದಿನ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮೋರಿಗೆ ಕಲ್ಲು ಇಟ್ಟಳು. ಅವ್ವ ಆ ಕಲ್ಲು ಕಿತ್ತು ಒಗೆದಳು. ನಾನು ಆಗ ರಜೆಗೆಂದು ಊರಿಗೆ ಬಂದಿದ್ದೆ.

ಹೆಂಗಸರ ಬಾಯಿ ಜಗಳಕ್ಕೆ ಗಂಡಸರು ಬಂದರೆ ಅದು ಜಗಳವಾಗಿ ಉಳಿಯುವುದಿಲ್ಲ. ಅಪ್ಪನೂ ಕಾಕಾನೂ ಒಬ್ಬರ ಅಂಗಿ ಒಬ್ಬರು ಹಿಡಿದರು. ಅಣ್ಣ ಬಿಡಿಸಲು ಹೋದನೋ ಹೊಡೆಯಲು ಹೋದನೋ ಅವನಿಗೇ ಗೊತ್ತಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಆರು ತಿಂಗಳ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಆ ನೂಕಾಟದಲ್ಲಿ ಯಾರದೋ ಮೊಣಕೈ ತಾಗಿ ಚಿಗವ್ವ ಬಿದ್ದಳು. ಬಿದ್ದದ್ದು ಅದೇ ಕಲ್ಲಿನ ಮೇಲೆ, ಬಲಗೈ ಊರಿ.

ನಾನು ಓಡಿದೆ. ಮಣಿಕಟ್ಟು ಬಾಗಿದ ಸವಟಿನ ಹಾಗೆ ಆಗಿತ್ತು. ನರ್ಸಿಂಗ್ ಶಾಲೆಯಲ್ಲಿ ರಜೆಗೆ ಮುಂಚಿನ ವಾರವೇ ಹೇಳಿಕೊಟ್ಟಿದ್ದರು: ಮುರಿದ ಎಲುಬನ್ನು ಎಳೆದು ನೆಟ್ಟಗೆ ಮಾಡಲು ಹೋಗಬಾರದು, ಇದ್ದ ಹಾಗೆಯೇ ಆಸರೆ ಕೊಟ್ಟು ಕಟ್ಟಬೇಕು. ಒಳಗಿನಿಂದ ಲಟ್ಟಣಿಗೆ ತಂದೆ, ನನ್ನ ಓಢಣಿಯನ್ನು ಮಡಿಸಿ ಕೈಗೆ ಸೇರಿಸಿ ಕಟ್ಟಿದೆ. ಚಿಗವ್ವ ಹಲ್ಲು ಕಚ್ಚಿಕೊಂಡು “ಬಿಡಬ್ಯಾಡ ನನ್ನವ್ವ, ಹಿಡಕೊಂಡಿರು” ಅಂದಳು. ಟಂಟಂ ಗಾಡಿಯಲ್ಲಿ ಇಂಡಿಯ ತನಕ ಆ ಕೈಯನ್ನು ಅವಳ ಎದೆಗೆ ಒತ್ತಿ ಹಿಡಿದೇ ಕೂತಿದ್ದೆ. ಗಾಡಿ ತಗ್ಗಿಗೆ ಇಳಿದಾಗಲೆಲ್ಲ ಅವಳ ಉಸಿರು ನಿಲ್ಲುತ್ತಿತ್ತು, ನನ್ನದೂ ನಿಲ್ಲುತ್ತಿತ್ತು. ನಾನು ಮುಂದೆ ಎಷ್ಟೋ ಕೈ ಕಟ್ಟಿದ್ದೇನೆ. ಮೊದಲನೆಯದು ಅದು.

ಆಸ್ಪತ್ರೆಯ ಗೇಟಿನಲ್ಲಿ ಅಣ್ಣನ ಗಾಡಿಯಲ್ಲಿ ಹಿಂದೆಯೇ ಬಂದಿದ್ದ ಅವ್ವ ನನ್ನ ರಟ್ಟೆ ಹಿಡಿದು ಎಳೆದಳು.

“ಹುಚ್ಚಿ ಅದೀಯೇನ? ಒಳಗ ಹೋದ್ರ ಹೆಸರ ಬರಕೋತಾರ. ಪೊಲೀಸ್ರು ಬರ್ತಾರ. ಕಲಿಯೂ ಹುಡುಗಿ ನೀ, ನಡಿ ಮನಿಗೆ.”

ಕಾಕಾ ಆಗಲೇ ಚಿಗವ್ವನನ್ನು ಇಳಿಸಿಕೊಳ್ಳುತ್ತಿದ್ದ. ಪೊಲೀಸರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ಬಿಟ್ಟೆ. ಗೇಟಿನ ಒಳಗೆ ಅವರು ಹೋದರು, ಹೊರಗೆ ನಾವು ಹೋದೆವು.

ಸಂಜೆಯ ಹೊತ್ತಿಗೆ ಕೇಸು ಆಗಿತ್ತು. ನಮ್ಮ ಕಡೆ ಜಗಳ ಮಾಡಿದವರ ಮೇಲೆ ಕೇಸು ಮಾಡುವುದಿಲ್ಲ, ಮನೆಯ ಮೇಲೆ ಮಾಡುತ್ತಾರೆ. ಪಡಿತರ ಚೀಟಿಯಲ್ಲಿ ಹೆಸರು ಇದ್ದವರೆಲ್ಲ ಆರೋಪಿಗಳು. ಅಪ್ಪ ಒಂದನೆಯವನು, ಅಣ್ಣ ಎರಡು, ಅವ್ವ ಮೂರು, ವೈನಿ ನಾಲ್ಕು. ಐದನೆಯವಳು ನಾನು. ಐದನೆಯವಳು ಏನು ಮಾಡಿದಳು ಎಂದರೆ, ಗಾಯಗೊಂಡವಳ ಬಲಗೈ ಹಿಡಿದು ತಿರುವಿದಳು. ಆ ಸಾಲನ್ನು ವಕೀಲರು ಓದಿ ಹೇಳಿದ ದಿನ ನಾನು ನನ್ನ ಅಂಗೈಗಳನ್ನು ನೋಡಿಕೊಂಡೆ. ಅದೇ ಕೈಗಳಿಂದ ಮರುದಿನ ಸಿಂದಗಿಯಲ್ಲಿ ಒಬ್ಬ ಮುದುಕಿಯ ತೋಳು ಹಿಡಿದು ಸೂಜಿ ಹಾಕಬೇಕಿತ್ತು, ಹಿಡಿಯಲು ಹೆದರಿಕೆಯಾಯಿತು. ಅವಳು ಕೂಗಿಕೊಂಡರೆ?

“ಐದು ಮಂದಿ ಯಾಕ್ರಿ?” ಎಂದು ಅಪ್ಪ ವಕೀಲರನ್ನು ಕೇಳಿದ್ದ. ವಕೀಲರು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: “ಐದು ಮಂದಿ ಆದ್ರ ಗುಂಪು ಆಗತೈತ್ರಿ. ನಾಕ ಇದ್ರ ಬರೇ ಹೊಡೆದಾಟ. ಗುಂಪು ಕಟ್ಟಿದ್ರು ಅಂದ್ರ ಕೇಸ ಗಟ್ಟಿ ಆಗತೈತಿ.” ಅಂದರೆ ನಾನಿಲ್ಲದಿದ್ದರೆ ಗುಂಪೇ ಇಲ್ಲ. ಮನೆಯಲ್ಲಿ ನನ್ನ ಎಣಿಕೆ ಹಿಡಿದದ್ದು ಅದೇ ಮೊದಲು.

ಎರಡು ವರ್ಷ ತಾರೀಖಿಗೆ ಅಡ್ಡಾಡಿದೆವು. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಕೋರ್ಟಿನ ಬಗ್ಗೆ ಹೇಳುವುದು ಸುಮ್ಮನಲ್ಲ. ಆಮೇಲೆ ಕಾಕಾನ ಮಗಳಿಗೆ ಗಂಡು ಗೊತ್ತಾಯಿತು. ದೊಡ್ಡಪ್ಪನಿಲ್ಲದೆ ಹಂದರ ಹಾಕುವುದು ಹ್ಯಾಗೆ? ಊರ ಹಿರಿಯರು ಎರಡೂ ಮನೆಯವರನ್ನು ಕಟ್ಟೆಗೆ ಕೂಡಿಸಿ ಬೈದರು. ಕಾಕಾ ಅಪ್ಪನ ಕಾಲು ಮುಟ್ಟಿದ, ಚಿಗವ್ವ ಅವ್ವನಿಗೆ ಕುಂಕುಮ ಹಚ್ಚಿದಳು. ಮೋರಿಯನ್ನು ಓಣಿಯ ಕಡೆಗೆ ತಿರುಗಿಸಿದರು, ಅರ್ಧ ದಿನದ ಕೆಲಸ. ಉಳಿದದ್ದು ಕೇಸು.

“ಗುಂಪಿನ ಕಲಮು ರಾಜಿ ಆಗಂಗಿಲ್ರಿ” ಎಂದರು ನಮ್ಮ ವಕೀಲರು. “ಸಾಕ್ಷಿ ಗೀಕ್ಷಿ ಅಂತ ಮತ್ತ ವರ್ಷ ಹಿಡೀತೈತಿ. ತಪ್ಪ ಆಗೇದಂತ ಒಪ್ಪಿಕೊಂಡ ಬಿಡ್ರಿ. ಸಣ್ಣ ದಂಡ ಹಾಕತಾರ. ಇವತ್ತ ಮುಗೀತೈತಿ.”

ಇವತ್ತ ಮುಗೀತೈತಿ. ಅದಕ್ಕಿಂತ ಚೆಂದದ ಮಾತು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನನಗೂ ಚೆಂದವೇ ಕಂಡಿತು, ಯಾಕೆಂದರೆ ನನ್ನ ಕೊನೆಯ ವರ್ಷದ ಪರೀಕ್ಷೆ ಬರುವ ವಾರವಿತ್ತು.

ಕೋರ್ಟಿನಲ್ಲಿ ಐವರೂ ಸಾಲಾಗಿ ನಿಂತೆವು. ಮೇಲೆ ಕೂತವರು ಓದಿ ಹೇಳಿ, ಒಬ್ಬೊಬ್ಬರನ್ನೇ ಕೇಳಿದರು: ತಪ್ಪು ಒಪ್ಪಿಕೊಳ್ಳುತ್ತೀರಾ? ಯಾರಾದರೂ ಒತ್ತಾಯ ಮಾಡಿದ್ದಾರೆಯೇ? ಒಪ್ಪಿದರೆ ಏನಾಗುತ್ತದೆ ಗೊತ್ತಿದೆಯೇ? ನನಗೆ ಇವತ್ತಿಗೂ ನೆನಪಿದೆ, ಅವರು ಸಾವಕಾಶವಾಗಿಯೇ ಕೇಳಿದರು. ಅಪ್ಪ ಹೌದ್ರಿ ಅಂದ. ಅಣ್ಣ ಹೌದ್ರಿ. ಅವ್ವ ಸೆರಗು ತಲೆಗೆ ಎಳೆದುಕೊಂಡು ಹೌದ್ರಿ. ವೈನಿಯದು ಕೇಳಿಸಲಿಲ್ಲ, ಇನ್ನೊಮ್ಮೆ ಅನ್ನಿಸಿದರು. ನನ್ನ ಸರದಿ ಬಂದಾಗ ಅವರ ಮಾತು ಪೂರ್ತಿ ಆಗಿರಲಿಲ್ಲ, ನನ್ನ ಬಾಯಿಂದ ಹೌದ್ರಿ ಬಂದಾಗಿತ್ತು. ಚಿಗವ್ವನ ಕೈ ತಿರುವಿದ್ದು ಹೌದ್ರಿ. ಗುಂಪು ಕಟ್ಟಿದ್ದು ಹೌದ್ರಿ.

ಹೊರಗೆ ಬಂದು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಎರಡೂ ಮನೆಯವರು ಒಂದೇ ಟೇಬಲಿಗೆ ಕೂತು ಮಿರ್ಚಿ ಭಜಿ ತಿಂದೆವು. ಚಹಾ ಕಾಕಾನ ಲೆಕ್ಕ. ಚಿಗವ್ವ ತನ್ನ ತಟ್ಟೆಯ ಭಜಿ ನನಗೆ ಹಾಕಿ “ಪರೀಕ್ಷಾ ಛಂದ ಬರಿ” ಅಂದಳು. ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಫಿರ್ಯಾದಿ ಮತ್ತು ಐದನೆಯ ಆರೋಪಿ ಒಂದೇ ಸೀಟು. ಆ ದಿನ ನಾನು ಹೆದರಿರಲಿಲ್ಲ. ಹೆದರಬೇಕಾದ ದಿನ ಅದೇ ಆಗಿತ್ತು.

ಪಾಸಾದೆ. ಮುದ್ದೇಬಿಹಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೂರು ವರ್ಷ ಅಲ್ಲಿ ದುಡಿಯುತ್ತ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುತ್ತ ಹೋದೆ. ಒಂದು ಸಲ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅಪ್ಪ ಊರಲ್ಲಿ ಪೇಢೆ ಹಂಚಿದ. ನಾನು ವಾರ್ಡಿನಲ್ಲೇ ಕುಣಿಯುವುದೊಂದು ಬಾಕಿ. ಅಲ್ಲಿಯ ಹಿರಿಯ ಸಿಸ್ಟರ್, ನಮಗೆಲ್ಲ ತಾಯಿಯ ಹಾಗೆ ಇದ್ದವರು, ನಡತೆ ಪರಿಶೀಲನೆಯ ಅರ್ಜಿ ತುಂಬಲು ಜೊತೆಗೆ ಕೂತರು. ಎಂದಾದರೂ ಕೋರ್ಟಿನಲ್ಲಿ ಶಿಕ್ಷೆಯಾಗಿದೆಯೇ ಎಂಬಲ್ಲಿ ನಾನು ನಗುತ್ತ ಬಚ್ಚಲ ನೀರಿನ ಕಥೆ ಹೇಳಿದೆ. “ಶಿಕ್ಷಾ ಏನೂ ಆಗಿಲ್ರಿ. ದಂಡ ಕಟ್ಟಿ ಮುಗಿಸೀವಿ.”

ಅವರು ಪೆನ್ನು ಕೆಳಗಿಟ್ಟರು. “ತಪ್ಪ ಮಾಡೇನಿ ಅಂತ ಒಪ್ಪಿಕೊಂಡು ದಂಡ ಕಟ್ಟಿದ್ರ ಅದು ಶಿಕ್ಷಾ ಅಲ್ಲದ ಮತ್ತೇನವಾ? ಜೈಲಿಗೆ ಹೋದ್ರ ಅಷ್ಟ ಶಿಕ್ಷಾ ಅಂತ ತಿಳದಿಯೇನ?”

ಹೊರಗೆ ಯಾರೋ ಸಲೈನ್ ಮುಗಿಯಿತು ಎಂದು ಕರೆಯುತ್ತಿದ್ದರು. ಎದ್ದು ಹೋದೆ. ಬಾಟಲಿ ಬದಲಿಸಿದೆ. ಯಾವ ಬಾಟಲಿ ಹಾಕಿದೆ ಎಂದು ನೆನಪಾಗದೆ ಮತ್ತೆ ಓಡಿ ಹೋಗಿ ಓದಿ ನೋಡಿದೆ. ಸರಿಯಾಗಿತ್ತು. ಆದರೂ ಇನ್ನೊಮ್ಮೆ ಹೋಗಿ ನೋಡಿದೆ.

ವಕೀಲರಿಗೆ ಫೋನು ಮಾಡಿದೆ. “ಇಲ್ಲ ಅಂತ ಬರೀರಿ. ಇಷ್ಟ ಸಣ್ಣ ಕೇಸ ಯಾರ ಹುಡುಕತಾರ?” ಅಂದರು. ಇವತ್ತ ಮುಗೀತೈತಿ ಅಂದದ್ದೂ ಇದೇ ಬಾಯಿ. ಅಣ್ಣನೂ ಇಲ್ಲ ಎಂದೇ ಬರಿ ಅಂದ. ಅವ್ವ ಅಳುತ್ತ ಅದೇ ಅಂದಳು. ಹಿರಿಯ ಸಿಸ್ಟರ್ ಅರ್ಜಿಯನ್ನು ನನ್ನ ಮುಂದೆ ಸರಿಸಿ ಪೆನ್ನು ಕೈಗೆ ಕೊಟ್ಟರು. ಹೌದು ಎಂದು ಬರೆದರೆ ಕೆಲಸ ಹೋಗಬಹುದು. ಇಲ್ಲ ಎಂದು ಬರೆದು ಸಿಕ್ಕಿಬಿದ್ದರೆ ಕೆಲಸದ ಜೊತೆ ಮಾನವೂ ಹೋಗುತ್ತದೆ, ಮುಂದೆ ಯಾವ ಆಸ್ಪತ್ರೆಯೂ ಬಾಗಿಲು ತೆರೆಯುವುದಿಲ್ಲ. ನಾನು ಹೌದು ಎಂದೇ ಬರೆದೆ. ಅದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಸುಳ್ಳು ಬರೆದರೆ ದಿನಾ ಹೆದರಬೇಕು, ನಿಜ ಬರೆದರೆ ಒಂದು ಸಲ ಹೆದರಿದರೆ ಸಾಕು ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕವೂ ತಪ್ಪಿತು. ದಿನಾ ಹೆದರಿದೆ.

ಒಮ್ಮೆ ಜ್ವರ ಬಂದ ಪೊಲೀಸರೊಬ್ಬರು ನಮ್ಮ ವಾರ್ಡಿಗೆ ಬಂದರು. ಪಾಪ, ಎದ್ದು ಕೂಡಲೂ ಆಗದಷ್ಟು ಜ್ವರ. ಅವರ ಖಾಕಿ ಅಂಗಿಯನ್ನು ಸಲೈನ್ ಸ್ಟ್ಯಾಂಡಿಗೆ ತೂಗುಹಾಕಿದ್ದರು. ಹಸುಗೂಸಿನ ನರ ಹುಡುಕುವುದಿದ್ದರೆ ನನ್ನನ್ನೇ ಕರೆಯುತ್ತಿದ್ದರು. ಅವತ್ತು ಆ ದಪ್ಪ ತೋಳಿನಲ್ಲಿ ಹಗ್ಗದ ಹಾಗೆ ಕಾಣುವ ನರ ನನಗೆ ಸಿಗಲಿಲ್ಲ. ಅವರು ಕಣ್ಣು ತೆರೆದು “ಯಾ ಊರ ತಂಗಿ ನಿಂದು?” ಎಂದು ಕೇಳಿದರು, ಅಷ್ಟೇ. ನಾನು ಟ್ರೇ ಬಿಟ್ಟು ಹೊರಗೆ ಬಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಂತೂ ಕುಂಬಳಕಾಯಿ ಕದ್ದೂ ಇರಲಿಲ್ಲ.

ಒಂದು ದಿನ ಮುಂಜಾನೆ ಅವ್ವನ ಫೋನು ಬಂತು. ಠಾಣೆಯಿಂದ ನನ್ನ ನಡತೆ ವಿಚಾರಿಸಲು ಮರುದಿನ ಒಬ್ಬರು ಊರಿಗೆ ಬರುತ್ತಾರೆ, ಮಗ್ಗುಲ ಮನೆಯವರನ್ನು ಕೇಳುತ್ತಾರೆ. ಮಗ್ಗುಲ ಮನೆ ಅಂದರೆ ಚಿಗವ್ವನ ಮನೆ. ನಾನು ರಜೆ ಹಾಕಿ ಬಸ್ ಹತ್ತಿದೆ. ತಾಳಿಕೋಟೆ ಬಂತು, ಸಿಂದಗಿ ಬಂತು, ನಾನು ಕಲಿತ ಊರು; ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಕೋಟು ಕೈಯಲ್ಲಿ ಹಿಡಿದ ನರ್ಸಿಂಗ್ ಹುಡುಗಿಯರು ನಗುತ್ತ ನಿಂತಿದ್ದರು. ನಾನು ಕಿಟಕಿ ಮುಚ್ಚಿಕೊಂಡೆ.

ಊರಿಗೆ ಹೋಗಿ ಗೋಡೆಯ ಈಚೆ ನಿಂತರೆ ಆಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಚಿಗವ್ವ ಮೊದಲು ರೊಟ್ಟಿ ಬಡಿದರೆ ಓಣಿಗೆಲ್ಲ ಒಂದೇ ಸಮನೆ ತಾಳ. ಕೈ ಮುರಿದ ಮೇಲೆ ಆ ತಾಳ ನಡುನಡುವೆ ನಿಲ್ಲುತ್ತಿತ್ತು. ಎರಡು ಸಲ ಬಡಿದು, ತಡೆದು, ಮತ್ತೆ ಬಡಿಯುತ್ತಿದ್ದಳು. ನಾನು ಹೋಗಿ ಒಲೆಯ ಹತ್ತಿರ ಕೂತೆ. ಕೇಳಬೇಕೆಂದುಕೊಂಡಿದ್ದು ಬೇರೆ, ಬಾಯಿಂದ ಬಂದದ್ದು ಬೇರೆ.

“ಚಿಗವ್ವ, ನನ್ನ ಹೆಸರ ಯಾಕ ಹಾಕಿಸಿದಿ?”

ಅವಳು ರೊಟ್ಟಿ ತಿರುವಿ ಹಾಕಿದಳು. “ಐದು ಮಂದಿ ಬೇಕಂದ್ರವಾ. ನಿಮ್ಮ ಮನ್ಯಾಗ ನಾಕ ಮಂದಿ ಆದ್ರು. ಇನ್ನ ಉಳದಿದ್ದು ಯಾರು? ಹಾಲ ಕುಡಿಯೂ ಕೂಸಿನ ಹೆಸರ ಹಾಕಸಾಕ ಬರತೈತೇನ? ನಿನ್ನ ಹೆಸರ ಹೇಳಿದ್ನಿ. ನೀ ಕಲತಾಕಿ, ನಾಕ ಅಕ್ಷರ ಬರತಾವ. ನಿನಗ ಯಾರ ಏನ ಮಾಡ್ತಾರ ಅಂತ ತಿಳದಿದ್ನಿ.”

ನನಗೆ ಸಿಟ್ಟು ಬರಬೇಕಿತ್ತು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಹೆಸರು ಬಂದರೂ ನನಗೆ ಪೆಟ್ಟು ಬೀಳುವುದಿಲ್ಲ ಎಂದು ತಿಳಿದೇ ನನ್ನನ್ನು ಸೇರಿಸಿದ್ದಳು. ಓದಿದವರಿಗೆ ಏನೂ ಆಗುವುದಿಲ್ಲ ಎಂದು ನಂಬಿದವಳು. ನಾನು ಅವಳು ಕೊಟ್ಟ ಬಿಸಿ ರೊಟ್ಟಿ ತಿಂದೆ. ಆಮೇಲೆ ಬೇಡಿಕೊಂಡೆ: “ನಾಳೆ ಬಂದವ್ರ ಮುಂದ ಸುಳ್ಳ ಹೇಳಬ್ಯಾಡ. ನಾ ಖರೇ ಬರದೇನಿ. ನೀ ಜಗಳಾನ ಆಗಿಲ್ಲ ಅಂದ್ರ ನಾ ಸಾಯ್ತೇನಿ.”

ಮರುದಿನ ಬಂದವರು ಬೈಕ್ ನಿಲ್ಲಿಸಿ ಚಿಗವ್ವನ ಮನೆಯ ಕಟ್ಟೆಯ ಮೇಲೆ ಕೂತರು. ನಾನು ಗೋಡೆಯ ಈಚೆ, ಬಚ್ಚಲಿನ ಮಗ್ಗುಲಿಗೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

“ಈ ಮಗ್ಗಲ ಮನಿ ಹುಡುಗಿ ಹ್ಯಾಂಗ?”

“ಹ್ಯಾಂಗಂದ್ರ? ನಮ್ಮ ಹುಡುಗಿ.”

“ಆಕಿ ಮ್ಯಾಲ ಕೇಸ ಹಾಕಿದಾಕಿ ನೀನ ಅಲ್ಲೇನವಾ?”

“ಹಾಕೇನ್ರಿ. ಜಗಳಾ ಆಗಿತ್ತು, ಹಾಕೇನಿ. ಕೈ ಕಟ್ಟಿದಾಕೀನೂ ಆಕೀನ. ಅದನ್ನ ಅವತ್ತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಕೇಳೀರಿ, ಹೇಳಾಕತ್ತೇನಿ. ಬರಕೋರಿ.”

ಬಂದವರು ನಕ್ಕರು. ಬರೆದುಕೊಂಡರೋ ಇಲ್ಲವೋ ಗೋಡೆಯ ಈಚೆಯಿಂದ ಕಾಣಲಿಲ್ಲ. ಆ ನಗು ಎಂಥದು ಎಂದೂ ತಿಳಿಯಲಿಲ್ಲ.

ತಿಂಗಳುಗಳು ಕಳೆದವು. ನನ್ನ ಜೊತೆ ಆಯ್ಕೆಯಾದವರೆಲ್ಲ ಕೆಲಸಕ್ಕೆ ಹಾಜರಾಗಿ ಮೊದಲ ಪಗಾರದ ಸೀರೆಯುಟ್ಟು ಫೋಟೋ ಹಾಕಿದರು. ನನಗೆ ಆದೇಶವಿಲ್ಲ. ಅಪ್ಪ ಪೇಢೆ ತಿಂದವರ ಮುಖ ತಪ್ಪಿಸಿ ಓಡಾಡತೊಡಗಿದ. ಕೊನೆಗೆ ವಿಜಯಪುರದ ಆರೋಗ್ಯ ಇಲಾಖೆಯ ಕಚೇರಿಗೆ ಬಂದು ವಿವರಣೆ ಕೊಡಬೇಕೆಂದು ಕರೆ ಬಂತು. ಅಲ್ಲಿಯ ಸಾಹೇಬರ ಮುಂದೆ ನನ್ನ ಕೇಸಿನ ಕಾಗದಗಳು ಹರಡಿದ್ದವು. ನಿಂತೇ ಇದ್ದೆ. ಕೂಡ್ರಿ ಅಂದರು, ಕೂಡಲಿಲ್ಲ.

“ಇದನ್ನ ನೀವು ಮಾಡಿದ್ದು ಹೌದೇನು?”

ಗಂಟಲ ತನಕ ಬಂತು ಅದೇ ಮಾತು. ಹೌದ್ರಿ. ಹಲ್ಲು ಕಚ್ಚಿ ಹಿಡಿದೆ. ಇಲ್ಲ ಅಂದರೆ ಕೋರ್ಟಿನಲ್ಲಿ ಹೇಳಿದ್ದು ಸುಳ್ಳಾಗುತ್ತದೆ, ಹೌದು ಅಂದರೆ ಈ ಕೈಗಳು ಸುಳ್ಳಾಗುತ್ತವೆ.

“ಇಲ್ರಿ. ಕೈ ಕಟ್ಟೇನ್ರಿ, ತಿರುವಿಲ್ಲ. ಆದ್ರ ಕೋರ್ಟಿನ್ಯಾಗ ಹೌದ್ರಿ ಅಂದೇನಿ.”

“ಯಾಕ ಅಂದ್ರಿ?”

“ಎಲ್ಲಾರೂ ಅಂದ್ರು, ನಾನೂ ಅಂದೇನ್ರಿ.” ಹೇಳುವಾಗ ನನಗೇ ನಾಚಿಕೆಯಾಯಿತು.

ಅವರು ಆಸ್ಪತ್ರೆಯ ಕಾಗದ ತಿರುವಿ ನೋಡಿದರು. “ಗಾಯ ಆದವರನ್ನ ಕರಕೊಂಡ ಬಂದವರು ಅಂತ ಗಂಡನ ಹೆಸರ ಐತಿ. ನಿಮ್ಮ ಹೆಸರ ಎಲ್ಲೂ ಇಲ್ಲ.”

“ಗೇಟಿನ ತನಾ ನಾನ ಹಿಡಕೊಂಡ ಬಂದಿದ್ದೇನ್ರಿ. ಹೆಸರ ಬರಕೋತಾರ ಅಂತ ಹೆದರಿ ಕೈ ಬಿಟ್ಟೆ.”

“ಬರಕೊಂಡಿದ್ರ ಇವತ್ತ ನೀವು ಇಲ್ಲಿಗೆ ಬರೂ ಕೆಲಸ ಇರಲಿಲ್ಲ” ಎಂದರು ಅವರು. ಬೈದದ್ದಲ್ಲ, ಬೇಸರದಿಂದ ಅಂದದ್ದು. ಆಮೇಲೆ, “ಖರೇ ಬರದೀರಿ, ಅದೊಂದು ಛಲೋ ಮಾಡೀರಿ. ಮುಚ್ಚಿಟ್ಟಿದ್ರ ನನ್ನ ಕೈಯಾಗೂ ಏನೂ ಇರತಿರಲಿಲ್ಲ” ಎಂದು ಕಾಗದ ಮಡಿಸಿದರು. ಹೋಗಬಹುದು ಅಂದರು. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ಬಸವನ ಬಾಗೇವಾಡಿಯಲ್ಲಿ ಕೆಲಸ. ಕಾಯಂ ಆಗಲು ಇನ್ನೂ ಸಮಯವಿತ್ತು, ಆ ತನಕ ನನ್ನ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ ಎಂದು ಅಣ್ಣ ಹೇಳಿದ. ಯಾರ ಕಣ್ಣು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಹೆದರಿಸಲು ನಮ್ಮ ಮನೆಯವರಿಗೆ ಹೊರಗಿನವರು ಬೇಕಾಗಿಲ್ಲ. ನಾನು ಗುಳಿಗೆ ಎರಡು ಸಲ ಎಣಿಸುತ್ತಿದ್ದೆ, ಚೀಟಿ ಮೂರು ಸಲ ಓದುತ್ತಿದ್ದೆ. ಯಾರಾದರೂ ನೋವಿನಿಂದ ಚೀರಿದರೆ ಎರಡೂ ಕೈ ಮೇಲೆತ್ತಿ ಹಿಂದೆ ಸರಿಯುತ್ತಿದ್ದೆ. ಜೊತೆಯವರು ಅದನ್ನು ನೋಡಿ ನಗುತ್ತಿದ್ದರು.

ಹೋದ ಸುಗ್ಗಿಯಲ್ಲಿ, ಮಧ್ಯಾಹ್ನದ ಪಾಳಿಯಲ್ಲಿ ನಾನಿದ್ದಾಗ, ಇಂಗಳೇಶ್ವರದ ಕಡೆಯ ಒಂದು ಹಳ್ಳಿಯಿಂದ ಕೈ ಮುರಿದ ಹೆಂಗಸನ್ನು ತಂದರು. ಮನೆಮನೆಯ ಜಗಳ. ಅವಳ ಮಣಿಕಟ್ಟಿಗೆ ತೊಗರಿ ಕಟ್ಟಿಗೆ ಇಟ್ಟು ಸೀರೆಯ ಪಟ್ಟಿಯಿಂದ ಯಾರೋ ಕಟ್ಟಿದ್ದರು, ಅಚ್ಚುಕಟ್ಟಾಗಿಯೇ ಕಟ್ಟಿದ್ದರು. ಕಟ್ಟಿದವಳು ಜೊತೆಗೇ ಇದ್ದಳು, ಆ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು. ಅವಳು ಇವಳ ನೆಗೆಣ್ಣಿ, ಮೈದುನನ ಹೆಂಡತಿ. ಹೊಡೆದವನು ಆ ನೆಗೆಣ್ಣಿಯ ಗಂಡ.

ಬಾಗಿಲ ಹೊರಗೆ ಗಾಯವಾದವಳ ಕಡೆಯ ಗಂಡಸರು ಬೆರಳು ಮಡಚಿ ಎಣಿಸುತ್ತಿದ್ದರು. ಕಿಟಕಿಯಿಂದ ಕೇಳಿಸಿತು.

“ನಾಕ ಆದ್ರು. ಇನ್ನೊಬ್ರು ಬೇಕಲ್ಲೋ.”

“ಆ ನೆಗೆಣ್ಣೀದು ಹಾಕಸು. ಹೆಂಗೂ ಇಲ್ಲೇ ಅದಾಳ.”

ನನ್ನ ಕೈಯೊಳಗಿನ ಕತ್ತರಿ ಕೆಳಗೆ ಬಿತ್ತು. ಆ ಹೆಂಗಸಿನ ರಟ್ಟೆ ಹಿಡಿದೆ. ಅವ್ವ ನನ್ನನ್ನು ಹಿಡಿದ ಹಾಗೆಯೇ ಹಿಡಿದಿದ್ದೆ ಎಂದು ಆಮೇಲೆ ಹೊಳೆಯಿತು. “ಕೈ ಬಿಡ್ರಿ. ಹಿಂದಿನ ಬಾಗಿಲಿಂದ ಹೋಗಿಬಿಡ್ರಿ. ಯಾರ ಕಣ್ಣಿಗೂ ಬೀಳಬ್ಯಾಡ್ರಿ.” ಅವಳಿಗೆ ಏನೂ ತಿಳಿಯಲಿಲ್ಲ. ನನ್ನ ಮುಖ ನೋಡಿ ಹೆದರಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋದಳು.

ಮಂಚದ ಮೇಲಿನವಳು ಕಣ್ಣು ತೆರೆದಳು. “ಆಕಿ ಎಲ್ಲಿ ಹೋದ್ಲು? ಆಕೀನ ಕರೀರಿ ಸಿಸ್ಟರ್. ಊರಿಂದ ಹಿಡಕೊಂಡ ಬಂದಾಳ, ಆಕಿ ಹಿಡದ್ರ ಬ್ಯಾನಿ ತಡೀತೈತಿ.”

ನಾನು ಓಡಿದೆ. ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಅವಳು ಅಳುತ್ತ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ನಿಮ್ಮ ಹೆಸರ ಹೇಳ್ರಿ. ಕರಕೊಂಡ ಬಂದವ್ರು, ಕೈ ಕಟ್ಟಿದವ್ರು ಅಂತ ಡಾಕ್ಟರ ಕೈಲೆ ಬರಸ್ತೇನಿ.”

ಅವಳು ಹಿಂದೆ ಸರಿದಳು. “ಹೆಸರ ಯಾಕ್ರಿ? ಪೊಲೀಸ್ರು ಬರೂದಿಲ್ಲೇನ್ರಿ? ಬರದ್ರ ನನಗ ಏನರ ಆಗತೈತೇನ್ರಿ?”

ಅವಳ ಕಣ್ಣಲ್ಲಿ ಇದ್ದ ಹೆದರಿಕೆಯ ಗುರುತು ನನಗೆ ಚೆನ್ನಾಗಿ ಇತ್ತು. ಅದೇ ಗೇಟು, ಊರು ಬೇರೆ ಅಷ್ಟೇ. ಏನೂ ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗೆ ಹೇಳಿದವರನ್ನೆಲ್ಲ ನಂಬಿ ಕೆಟ್ಟವಳು ನಾನು.

“ಬರೀದಿದ್ರ ಆಗತೈತ್ರಿ” ಅಂದೆ. “ನನಗ ಆಗೇತಿ.”

ಅವಳು ನನ್ನ ಬಿಳಿ ಕೋಟು ನೋಡಿದಳು, ನನ್ನ ಮುಖ ನೋಡಿದಳು. ಕಣ್ಣು ಒರೆಸಿಕೊಂಡು, ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೆಸರು ಹೇಳಿದಳು. ಒಳಗೆ ಬಂದು ಮತ್ತೆ ಆ ಕೈ ಹಿಡಿದು ನಿಂತಳು. ಡಾಕ್ಟರು ಬರೆದರು. ಕಿಟಕಿಯ ಹೊರಗೆ ಗಂಡಸರು ಇನ್ನೂ ಎಣಿಸುತ್ತಲೇ ಇದ್ದರು. ನಾನು ಡಾಕ್ಟರ ಹೆಗಲ ಹಿಂದೆ ನಿಂತು, ಅವಳ ಹೆಸರು ಸರಿಯಾಗಿ ಬಂದಿದೆಯೇ ಎಂದು ಒಂದೊಂದೇ ಅಕ್ಷರ ಓದಿದೆ.